104ರ ಪಕ್ಕದಲ್ಲಿ 904

ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆ. ಬಿಲ್ಲಿಂಗ್ ಸರ್ವರ್‌ನಲ್ಲಿ ಜಾಗ ಖಾಲಿ ಮಾಡಲು ಹೋಗಿ ತಪ್ಪು ಫೋಲ್ಡರ್ ಅಳಿಸಿಬಿಟ್ಟೆ. ಉಬುಂಟುವಿನ ಸಿಸ್ಟಂ ಲೈಬ್ರರಿಗಳು ಅರ್ಧ ಹೋಗಿದ್ದವು. ಯಾವ ಕಮಾಂಡ್ ಕೊಟ್ಟರೂ ಉತ್ತರವಿಲ್ಲ. ಆ ಸರ್ವರ್ ಒಂದು ವಿಎಂ, ಅಂದರೆ ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಕಂಪ್ಯೂಟರ್; ನಂಬರ್ 104. ಇಂಥ ವಿಎಂಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್‌ನಿಂದಲೇ ಅದನ್ನು ನಿಲ್ಲಿಸಿದೆ.

ಬ್ಯಾಕಪ್ ಇತ್ತು, ಬೆಳಗಿನ ಜಾವ ಎರಡು ಗಂಟೆಯದು. ವಿಎಂ 104 ತೆರೆದು, ಬ್ಯಾಕಪ್ ಟ್ಯಾಬ್‌ಗೆ ಹೋಗಿ ರಿಸ್ಟೋರ್ ಒತ್ತಿದೆ. ಈಗಿರುವ ಡೇಟಾ ಶಾಶ್ವತವಾಗಿ ಅಳಿಸಿಹೋಗುತ್ತದೆ ಎಂದು ಎಚ್ಚರಿಕೆ ಬಂತು. ಅಷ್ಟರಲ್ಲಿ ಅಕೌಂಟ್ಸ್ ಮೇಡಂ ಬಂದು ಕೇಳಿದರು: "ಸರ್, ಇವತ್ತಿನ ಬಿಲ್ಲುಗಳು ಇರ್ತಾವೆ ಅಲ್ವಾ?"

ಕೈ ಅಲ್ಲೇ ನಿಂತಿತು. ಬೆಳಿಗ್ಗೆಯಿಂದ ಹಾಕಿದ ಬಿಲ್ಲುಗಳೆಲ್ಲ ಆ ಕೆಟ್ಟ ಡಿಸ್ಕ್‌ನಲ್ಲೇ ಇದ್ದವು. ಸಿಸ್ಟಂ ಹಾಳಾಗಿದ್ದರೂ ಡೇಟಾಬೇಸ್ ಫೋಲ್ಡರ್‌ಗೆ ಏನೂ ಆಗಿರಲಿಲ್ಲ. ಅದರ ಮೇಲೇ ರಿಸ್ಟೋರ್ ಮಾಡಿದ್ದರೆ ಇಡೀ ದಿನದ ಕೆಲಸವನ್ನು ನಾನೇ ಒರೆಸಿ ಹಾಕಿದಂತಾಗುತ್ತಿತ್ತು.

ವಿಎಂನ ಟ್ಯಾಬ್‌ನಿಂದ ಹೋದರೆ ಅದೇ ನಂಬರ್‌ಗೆ ರಿಸ್ಟೋರ್ ಆಗುತ್ತದೆ. ಸ್ಟೋರೇಜ್‌ನ ಬ್ಯಾಕಪ್ ಪಟ್ಟಿಯಿಂದ ಹೋದರೆ ಹೊಸ ನಂಬರ್ ಕೊಡಬಹುದು. ನಾನು 904 ಎಂದು ಕೊಟ್ಟೆ. ಯೂನಿಕ್ ಆಯ್ಕೆಗೆ ಟಿಕ್ ಹಾಕಿದೆ, ಅದರಿಂದ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಬೇರೆಯಾಗುತ್ತದೆ. ಮೂಲ ಸ್ಟೋರೇಜ್‌ನಲ್ಲಿ ಎರಡನ್ನೂ ಇಡುವಷ್ಟು ಜಾಗ ಇರಲಿಲ್ಲ, ಹಾಗಾಗಿ ಬೇರೆ ಸ್ಟೋರೇಜ್ ಆರಿಸಿದೆ. ರಿಸ್ಟೋರ್ ಆದ ಕೂಡಲೇ ಆನ್ ಮಾಡಲಿಲ್ಲ. ಮೊದಲು ಅದನ್ನು ಹೊರಗೆ ದಾರಿಯಿಲ್ಲದ ಬ್ರಿಡ್ಜ್‌ಗೆ (ವಿಎಂಗಳನ್ನು ಜೋಡಿಸುವ ಸಾಫ್ಟ್‌ವೇರ್ ಸ್ವಿಚ್‌ಗೆ) ಹಾಕಿದೆ. ಇದನ್ನು ಮರೆತರೆ ಹಳೇ ಸರ್ವರ್‌ನ ಐಪಿ ಹಿಡಿದುಕೊಂಡು ಅದು ನೇರವಾಗಿ ಆಫೀಸಿನ ನೆಟ್‌ವರ್ಕ್‌ಗೇ ಬಂದು ನಿಲ್ಲುತ್ತದೆ. ಮೇಲ್, ಎಸ್ಸೆಮ್ಮೆಸ್ ಕಳಿಸುವ ಸರ್ವರ್ ಆಗಿದ್ದರಂತೂ ಗ್ರಾಹಕರಿಗೆ ಹಳೇ ಸಂದೇಶಗಳು ಮತ್ತೆ ಹೋಗಬಹುದು.

ನಲವತ್ತು ನಿಮಿಷಕ್ಕೆ 904 ಎದ್ದಿತು. ಲಾಗಿನ್ ಆಗಿ ನೋಡಿದೆ, ಹಿಂದಿನ ದಿನದ ಕೊನೆಯ ಬಿಲ್ ಇತ್ತು.

ಈಗ ಹಳೇ ಡಿಸ್ಕ್‌ನಿಂದ ಇವತ್ತಿನದನ್ನು ತರಬೇಕು. ಅದನ್ನು 904ಕ್ಕೇ ಜೋಡಿಸಿದರಾಯಿತು ಅನ್ನಿಸುತ್ತದೆ, ಆದರೆ ಅದು ಅಪಾಯ. ಎರಡೂ ಒಂದೇ ಅಚ್ಚಿನ ಡಿಸ್ಕ್‌ಗಳು, ಎಲ್‌ವಿಎಂ (ಡಿಸ್ಕ್‌ನ ಜಾಗ ಹಂಚುವ ಲಿನಕ್ಸ್ ವ್ಯವಸ್ಥೆ) ಗುರುತು ಒಂದೇ. ಯಾವುದು ಹಳೆಯದು, ಯಾವುದು ಹೊಸದು ಎಂದು ಸಿಸ್ಟಂಗೇ ಗೊತ್ತಾಗುವುದಿಲ್ಲ. ಅದಕ್ಕೆ ತನ್ನ ಡಿಸ್ಕ್‌ಗೆ ಎಲ್‌ವಿಎಂ ಬಳಸದ ಒಂದು ಸಣ್ಣ ಡೆಬಿಯನ್ ವಿಎಂಗೆ ಆ ಡಿಸ್ಕ್ ವರ್ಗಾಯಿಸಿ, ಓದಲು ಮಾತ್ರ ಆಗುವಂತೆ ಮೌಂಟ್ ಮಾಡಿದೆ. ಬಿಲ್ಲುಗಳ ಡೇಟಾಬೇಸ್ ಮರಿಯಾಡಿಬಿಯ ಫೋಲ್ಡರ್ ಪೂರ್ತಿ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) 904ಕ್ಕೆ ತಂದೆ. ಬರೀ ಟೇಬಲ್ ಫೈಲ್‌ಗಳನ್ನು ಹೆಕ್ಕಿ ತಂದರೆ ಆಗುವುದಿಲ್ಲ, ಮರಿಯಾಡಿಬಿ ಒಳಗೆ ಡೇಟಾ ಸಂಗ್ರಹಿಸುವ ಇನ್ನೊಡಿಬಿಯ ಲಾಗ್ ಫೈಲ್‌ಗಳೂ ಜೊತೆಗೆ ಬೇಕು. ಎರಡೂ ಕಡೆ ಒಂದೇ ವರ್ಷನ್ ಇದ್ದದ್ದು ಒಳ್ಳೆಯದಾಯಿತು. ಫೈಲ್‌ಗಳ ಓನರ್ ಸರಿಪಡಿಸಿ ಸರ್ವಿಸ್ ಎಬ್ಬಿಸಿದೆ. ಲಾಗ್‌ನಲ್ಲಿ ಕ್ರ್ಯಾಶ್ ರಿಕವರಿ ಸಾಲುಗಳು ಓಡಿದವು. ಮೇಡಂ ಪಕ್ಕದಲ್ಲೇ ಕೂತು ಮೂರೂಮುಕ್ಕಾಲಿನ ಬಿಲ್ ನಂಬರ್ ಓದಿದರು. ಅದು ಪರದೆ ಮೇಲಿತ್ತು. ಆಗ ನನಗೆ ಉಸಿರು ಬಂತು.

ನಂತರ 904ನ್ನು ಆಫೀಸಿನ ಬ್ರಿಡ್ಜ್‌ಗೆ ಬದಲಿಸಿದೆ. ಪಿಂಗ್ ಇಲ್ಲ. ಹದಿನೈದು ನಿಮಿಷ ಸ್ವಿಚ್, ಕೇಬಲ್ ಅಂತ ಸುಮ್ನೆ ಓಡಾಡಿದೆ. ಕಾರಣ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್‌ನಲ್ಲಿತ್ತು: ಅದರಲ್ಲಿ ಹಳೇ ಮ್ಯಾಕ್ ಅಡ್ರೆಸ್ ಬರೆದಿತ್ತು, ನಾನೋ ಯೂನಿಕ್ ಕೊಟ್ಟು ಅದನ್ನೇ ಬದಲಿಸಿದ್ದೆ. 104 ನಿಂತೇ ಇತ್ತು, ಅದರ ಮ್ಯಾಕ್ ತೆಗೆದು 904ಕ್ಕೆ ಕೊಟ್ಟು ರೀಸ್ಟಾರ್ಟ್ ಮಾಡಿದೆ, ಬಂತು.

ಬೇರೆ ಯಂತ್ರಕ್ಕೆ ರಿಸ್ಟೋರ್ ಮಾಡುವವರಿಗೆ ಇನ್ನೊಂದು ಮಾತು. ಬ್ಯಾಕಪ್ ಒಳಗೆ ಹಳೇ ಸ್ಟೋರೇಜ್ ಹೆಸರು, ಬ್ರಿಡ್ಜ್ ಹೆಸರು, ವಿಎಂನ ಸಿಡಿ ಡ್ರೈವ್‌ಗೆ ಹಾಕಿದ್ದ ಐಎಸ್ಒ (ಸಿಡಿಯ ಫೈಲ್ ರೂಪ) ಹೆಸರು ಎಲ್ಲ ಇರುತ್ತವೆ. ಹೊಸ ಯಂತ್ರದಲ್ಲಿ ಅವು ಇಲ್ಲದಿದ್ದರೆ ರಿಸ್ಟೋರೇ ನಿಲ್ಲಬಹುದು, ಇಲ್ಲವೇ ವಿಎಂ ಸ್ಟಾರ್ಟ್ ಆಗದಿರಬಹುದು. ಐಎಸ್ಒ ವಿಷಯ ಜಾಸ್ತಿ ಜನ ಮರೆಯುತ್ತಾರೆ.

ಶನಿವಾರ ಬೆಳಿಗ್ಗೆ ಬ್ಯಾಕಪ್ ವರದಿ ನೋಡಿದರೆ ಅದರಲ್ಲಿ 904 ಇರಲೇ ಇಲ್ಲ. ಬ್ಯಾಕಪ್ ಜಾಬ್‌ನಲ್ಲಿ ನಂಬರ್‌ಗಳನ್ನು ಒಂದೊಂದಾಗಿ ಆರಿಸಿದ್ದೆ, ಅಲ್ಲಿ ಇನ್ನೂ 104 ಮಾತ್ರ ಇತ್ತು. ಕೂಡಲೇ ಸೇರಿಸಿ ಅಲ್ಲೇ ಒಂದು ಬ್ಯಾಕಪ್ ತೆಗೆದೆ. ಹಳೇ ಡಿಸ್ಕ್ ಒಂದು ತಿಂಗಳು ಹಾಗೇ ಇಟ್ಟಿದ್ದೆ. ತಿಂಗಳ ಲೆಕ್ಕ ತಾಳೆಯಾಯಿತು ಎಂದು ಮೇಡಂ ಹೇಳಿದ ಮೇಲೆ ಅಳಿಸಿದೆ.