ಮೇಲಿನ ಮನೆಗೆ ನಿರಾಶ್ರಿತರು ಬಂದರೆ: ಯಾವ ಕೌಂಟರಿನಲ್ಲಿ ಏನು ಕೇಳಬೇಕು

ಜೆಪ್ಪುವಿನ ನಮ್ಮ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಒಂದು ಅಫ್ಘನ್ ಕುಟುಂಬ ಬಾಡಿಗೆಗಿದೆ. ಗಂಡ ಮಂಗಳೂರಿಗೆ ಓದಲು ಬಂದವರು. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಆಮೇಲೆ ಊರಿಗೆ ಹೋಗುವ ಮಾತೇ ಇಲ್ಲ. ಈಗ ಹೆಂಡತಿ, ಏಳು ವರ್ಷದ ಮಗಳು, ಇಲ್ಲೇ ಹುಟ್ಟಿದ ಒಂದು ಗಂಡು ಮಗು ಜೊತೆಗಿದ್ದಾರೆ. ನಾನು ನಿವೃತ್ತ ಪ್ರಾಥಮಿಕ ಶಾಲಾ ಟೀಚರ್. ಕಚೇರಿಗಳಿಗೆ ಅವರ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಗೂ, ನಿಮ್ಮ ವಾರ್ಡಿಗೂ ಯಾರಾದರೂ ಹೀಗೆ ಬರಬಹುದು.

ಮೊದಲು ಒಂದು ವಿಷಯ ತಿಳಿದಿರಲಿ. ಬ್ರಿಟನ್ನಿನಂಥ ದೇಶಗಳಲ್ಲಿ ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಆಶ್ರಯ ಕೇಳಿ ಬಂದ ಮಗುವನ್ನು ಅಲ್ಲಿನ ಕೌನ್ಸಿಲ್ಲೇ ನೋಡಿಕೊಳ್ಳಬೇಕು ಅಂತ ಕಾನೂನಿದೆ. ನಮ್ಮಲ್ಲಿ ಹಾಗಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಮಾಡಿದ ಕಾನೂನೂ ಇಲ್ಲ. ಹಾಗಾಗಿ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಹೋಗಿ "ನಿರಾಶ್ರಿತರ ವಿಭಾಗ ಎಲ್ಲಿ?" ಅಂತ ಕೇಳಿದರೆ ಯಾರೂ ಕೈ ತೋರಿಸುವುದಿಲ್ಲ. ಆದರೆ ಜನನ ಪತ್ರ, ಶಾಲೆ, ಲಸಿಕೆ, ಇವು ಯಾವುದಕ್ಕೂ ಪೌರತ್ವ ಬೇಕಿಲ್ಲ. ಎಲ್ಲರೂ ಹೋಗುವ ಕೌಂಟರಿಗೇ ಹೋಗಬೇಕು, ಎಲ್ಲರ ಹಾಗೇ ಕೇಳಬೇಕು.

ಮನೆ ಬಾಡಿಗೆಗೆ ಕೊಡುವವರು ಮೊದಲು ಪೊಲೀಸ್ ಕೆಲಸ ಮುಗಿಸಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಅದನ್ನು ಈಗಲೂ ಸಿ ಫಾರ್ಮ್ ಅಂತಲೇ ಕರೆಯುತ್ತಾರೆ. ಅದರ ಒಂದು ಪ್ರಿಂಟ್ ಅವರ ಫೈಲಿಗೆ ಹಾಕಿಕೊಡಿ. ಇದರಿಂದ ನಿಮಗೂ ನೆಮ್ಮದಿ, ಅವರಿಗೂ. ವೀಸಾ ವಿಸ್ತರಣೆ ಅವರೇ ಆನ್‌ಲೈನಿನಲ್ಲಿ ಮಾಡುತ್ತಾರೆ. ದಿನಾಂಕ ಮುಗಿಯುವ ಮೊದಲೇ ನೆನಪು ಮಾಡುವ ಕೆಲಸ ನನ್ನದು. ನಮ್ಮ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿದ್ದೇನೆ. ನಿರಾಶ್ರಿತರೆಂದು ನೋಂದಣಿ ಆಗಬೇಕಾದರೆ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ, ಅಂದರೆ ಯುಎನ್‌ಎಚ್‌ಸಿಆರ್‌ಗೆ ಅರ್ಜಿ ಹಾಕಬೇಕು. ಅದು ಪಾಲಿಕೆ ಕೆಲಸವಲ್ಲ, ಜಿಲ್ಲಾಧಿಕಾರಿ ಕಚೇರಿಯ ಕೆಲಸವೂ ಅಲ್ಲ.

ಇನ್ನು ಶಾಲೆ. ಇದು ನನ್ನದೇ ಕ್ಷೇತ್ರ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹುಡುಗಿಯನ್ನು ಕರೆದುಕೊಂಡು ಹೋದ ಮೊದಲ ಶಾಲೆಯಲ್ಲಿ ಟಿಸಿ ಇಲ್ಲ, ಆಧಾರ್ ಇಲ್ಲ, ಆಗುವುದಿಲ್ಲ ಅಂದರು. ಆ ತಾಯಿ ಒಂದು ಮಾತೂ ಆಡಲಿಲ್ಲ. ಮಗಳ ಕೈ ಹಿಡಿದು ಎದ್ದೇ ಬಿಟ್ಟರು. ಇಲ್ಲ ಅನ್ನಿಸಿಕೊಂಡು ಅವರಿಗೆ ಅಷ್ಟು ಅಭ್ಯಾಸವಾಗಿದೆ. ನನಗೆ ಹೊಟ್ಟೆ ಉರಿಯಿತು.

ಇಂಥಲ್ಲಿ ಜಗಳ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಮೂರು ಮಾತು ನೆನಪಿಟ್ಟುಕೊಳ್ಳಿ. 6ರಿಂದ 14 ವರ್ಷದ "ಪ್ರತಿ ಮಗು" ಅಂತ ಅದು ಹೇಳುತ್ತದೆ, "ಪ್ರತಿ ನಾಗರಿಕರ ಮಗು" ಅಂತಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷವಾಗಿ ಕಲಿಸಬೇಕು. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಹೆಡ್‌ಮಾಸ್ಟರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಅದನ್ನೇ ಬರೆದು ಕೊಡಿ ಅಂತ ಮೆಲ್ಲನೆ ಕೇಳಿ. ಬರೆದು ಕೊಡಬೇಕು ಅಂದಾಗ ಮಾತಿನ ಧಾಟಿಯೇ ಬದಲಾಗುತ್ತದೆ, ನಾನು ಮೇಜಿನ ಆ ಬದಿಯಲ್ಲಿ ಕೂತವಳೇ ಅಲ್ವಾ? ಮತ್ತೂ ಆಗದಿದ್ದರೆ ಆ ಪ್ರತಿ ಹಿಡಿದು ಬಿಇಒ ಕಚೇರಿಗೆ ಹೋಗಿ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಅರ್ಜಿ ಓದಿ, "ಮಗು ಬರಲಿ ಟೀಚರ್" ಅಂದರು. ಹುಡುಗಿ ಅಂಗಳದಲ್ಲಿ ಮೊದಲು ಕಲಿತದ್ದು ಕನ್ನಡವಲ್ಲ, ತುಳು. ಎರಡನೇ ವಾರ ಮೆಟ್ಟಿಲ ಮೇಲೆ ನಿಂತು ತಮ್ಮನಿಗೆ "ಬಲ, ಬಲ" ಅಂತ ಕೈ ಬೀಸುತ್ತಿದ್ದಳು.

ನಾನು ಕೆಲಸಕ್ಕೆ ಸೇರಿದ್ದು ಸುಳ್ಯದ ಕಡೆ. ಅಲ್ಲಿ ನನ್ನ ತರಗತಿಯಲ್ಲಿ ರಬ್ಬರ್ ತೋಟದ ಮಕ್ಕಳಿದ್ದರು, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳ ಮಕ್ಕಳು. ಅವರಿಗೆ ಭಾರತದ ಪೌರತ್ವ ಇತ್ತು. ರೇಷನ್ ಕಾರ್ಡು, ಓಟು ಕೇಳುವ ದಾರಿ ಇತ್ತು. ನಮ್ಮ ಮೇಲಿನ ಮನೆಯವರಿಗೆ ಆ ದಾರಿ ಇಲ್ಲ. ಇದನ್ನು ಅವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ, ಸುಮ್ನೆ ಆಸೆ ಹುಟ್ಟಿಸಬೇಡಿ. ಆಧಾರ್‌ಗೆ ಯುಎನ್‌ಎಚ್‌ಸಿಆರ್ ಕಾರ್ಡ್ ನಡೆಯುವುದಿಲ್ಲ. ಪಾಸ್‌ಪೋರ್ಟು, ಚಾಲ್ತಿಯಲ್ಲಿರುವ ವೀಸಾ ಇದ್ದು, ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದವರು ಕೇಳಬಹುದು. "ಐದು ಸಾವಿರ ಕೊಡಿ, ಎಲ್ಲ ಮಾಡಿಸಿಕೊಡ್ತೇನೆ" ಅಂತ ಬರುವವರನ್ನು ಗೇಟಿನ ಒಳಗೇ ಬಿಡಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ಏಜೆಂಟ್ ಮಾತ್ರ ಅಲ್ಲ.

ಲಸಿಕೆಗೆ ಆಶಾ ಕಾರ್ಯಕರ್ತೆಯನ್ನು ಕೇಳಿ, ತಾಯಿ ಕಾರ್ಡ್ ಮಾಡಿಸಿ. ಅದು ಸುಲಭ. ಜ್ವರ, ಕೈಕಾಲು ಮುರಿತಕ್ಕೆ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ಹೆರಿಗೆಗೆ ಲೇಡಿಗೋಷನ್ ಆಸ್ಪತ್ರೆ ಇದೆ. ಕಾನೂನಿನ ತೊಂದರೆ ಬಂದರೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರ ಜೀವಕ್ಕೂ ರಕ್ಷಣೆ ಕೊಡುತ್ತದೆ ಅಂತ ಸುಪ್ರೀಂ ಕೋರ್ಟು 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಹೇಳಿದೆ. ಯಾರಾದರೂ "ಇವರಿಗೆ ಎಂಥ ಹಕ್ಕು" ಅಂದರೆ ಹೇಳಲು ನಾನು ಆ ವರ್ಷ ನೆನಪಿಟ್ಟುಕೊಂಡಿದ್ದೇನೆ.

ಕೊನೆಗೆ ಜನನ ಪತ್ರ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಇವರು ನಾಳೆ ಬೇರೆ ದೇಶಕ್ಕೆ ಹೋಗಬೇಕಾದರೂ ಮಗು ಯಾರದ್ದು ಅಂತ ತೋರಿಸಲು ಇದೊಂದೇ ಕಾಗದ. ಹುಟ್ಟಿದ್ದು ಯಾವ ಊರಿನಲ್ಲೋ ಅಲ್ಲೇ ನೋಂದಣಿ, ಮನೆ ಎಲ್ಲಿದ್ದರೂ ಸರಿ. 21 ದಿನದೊಳಗೆ ಆದರೆ ದುಡ್ಡಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಆ ಓಡಾಟ ಯಾರಿಗೂ ಬೇಡ. ಇಲ್ಲಿ ಜನನ ಪತ್ರ ಸಿಕ್ಕಿತು ಅಂತ ಮಗು ಭಾರತೀಯ ಆಗುವುದಿಲ್ಲ. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು.

ಹೆಸರಿನ ಅಕ್ಷರಗಳ ಮೇಲೆ ಕಣ್ಣಿಡಿ. ನಮ್ಮ ಹುಡುಗನ ಅಪ್ಪನಿಗೆ ಒಂದೇ ಪದದ ಹೆಸರು. ಖಾಸಗಿ ಆಸ್ಪತ್ರೆಯ ಫಾರ್ಮಿನಲ್ಲಿ ಮನೆತನದ ಹೆಸರಿಗೂ ಜಾಗ ಇತ್ತು, ಅಲ್ಲಿದ್ದವರು ಅದೇ ಹೆಸರನ್ನು ಎರಡು ಸಲ ತುಂಬಿಸಿ ಪಾಲಿಕೆಗೆ ಕಳಿಸಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು, ಪತ್ರದಲ್ಲಿ ಇನ್ನೊಂದು. ತಿದ್ದುಪಡಿಗೆ ಮೂರು ಸಲ ಲಾಲ್‌ಬಾಗ್‌ಗೆ ಹೋದೆವು. ಆಸ್ಪತ್ರೆಯಲ್ಲಿ ಫಾರ್ಮ್ ತುಂಬುವಾಗಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ, ಆಮೇಲೆ ಸಹಿ ಮಾಡಲಿ.

ಮಗುವಿನ ಹೆಸರು ಮಾತ್ರ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಸೇರಿಸಿದರೆ ಅದಕ್ಕೂ ದುಡ್ಡಿಲ್ಲ. ಇವರಿಗೆ ಅದು ತುಂಬಾ ಉಪಯೋಗಕ್ಕೆ ಬಂತು. ಹೆಸರಿಡಬೇಕಾದವರು ಹೆರಾತ್‌ನಲ್ಲಿರುವ ಅಜ್ಜಿ. ಅವರ ಫೋನು ತಿಂಗಳುಗಟ್ಟಲೆ ಸಿಗಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಒಂದು ರಾತ್ರಿ ಸಿಕ್ಕಿತು. ಬೆಳಿಗ್ಗೆ ಆ ತಾಯಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೆಳಗಿಳಿದು ಬಂದು, ಒಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಹತ್ತು ಗಂಟೆಗೆ ಕೌಂಟರ್ ತೆರೆಯುವಾಗ ನಾವು ಸಾಲಿನಲ್ಲಿ ಎರಡನೆಯವರಾಗಿದ್ದೆವು.