ಜೀಪಿನ ಕಮಾನು ಬುಷ್: ಮನೆಯ ಕಣದಲ್ಲೇ ಬದಲಿಸುವ ಬಗೆ

ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ದುಡಿಯುವ ಜೀಪುಗಳಿಗೆ ಡಾಂಬರು ರಸ್ತೆಗಿಂತ ಕೆಸರು, ಕಲ್ಲು, ಕೊರಕಲುಗಳೇ ಹೆಚ್ಚು ಪರಿಚಿತ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಇಂತಹ ವಾಹನದ ಕಮಾನಿನ, ಅಂದರೆ ಲೀಫ್ ಸ್ಪ್ರಿಂಗಿನ, ಎರಡೂ ತುದಿಗಳಲ್ಲಿ ಬೋಲ್ಟಿನ ಸುತ್ತ ಕೂರುವ ಕೊಳವೆಯಾಕಾರದ ರಬ್ಬರ್ ಬುಷ್‌ಗಳು ಸವೆದಿರುವ ಸಾಧ್ಯತೆ ಬಹಳ. ಆಯುಧಪೂಜೆಗೆಂದು ಗಾಡಿಯ ಅಡಿಭಾಗವನ್ನೂ ತೊಳೆಯುವಾಗ ಅವುಗಳನ್ನು ನೋಡಿಬಿಡುವುದು ಒಳ್ಳೆಯದು. ಅರೇಬಿಕಾ ಕೊಯ್ಲು ಆರಂಭವಾದ ಮೇಲೆ ಜೀಪನ್ನು ಒಂದು ದಿನ ನಿಲ್ಲಿಸುವುದೂ ಕಷ್ಟವಾಗುತ್ತದೆ.

ಹಳ್ಳದಿಂದ ಗಾಡಿ ಮೇಲೇಳುವಾಗ ಕೆಳಗಿನಿಂದ ಕೇಳುವ ಕಟಕಟ ಸದ್ದು, ಬ್ರೇಕ್ ಹಾಕಿದಾಗ ಒಂದೇ ಕಡೆಗೆ ಎಳೆಯುವ ಸ್ಟೀರಿಂಗ್, ತಿರುವಿನಲ್ಲಿ ಹಿಂಭಾಗ ಅರೆಕ್ಷಣ ತಡವಾಗಿ ಹಿಂಬಾಲಿಸಿದಂತಹ ಅನುಭವ, ಇವು ಸವೆತದ ಸಾಮಾನ್ಯ ಲಕ್ಷಣಗಳು. ಆದರೆ ಸದ್ದೊಂದನ್ನೇ ನಂಬಿ ಬುಷ್ ಕೊಳ್ಳಬಾರದು, ಏಕೆಂದರೆ ಕಮಾನನ್ನು ಆಕ್ಸಲ್‌ಗೆ ಹಿಡಿದಿಡುವ, ಸಡಿಲವಾದ ಯು-ಬೋಲ್ಟ್ ಅಥವಾ ಶಾಕ್ ಅಬ್ಸಾರ್ಬರಿನ ರಬ್ಬರ್ ಕೂಡ ಇದೇ ಸದ್ದು ಮಾಡಬಲ್ಲದು. ಕಮಾನಿನ ಕಣ್ಣಿಗೂ (ಬೋಲ್ಟ್ ಹಾಯುವ ತುದಿಯ ಸುರುಳಿ) ಶ್ಯಾಕಲ್ ತಟ್ಟೆಗೂ (ಆ ತುದಿಯನ್ನು ಗಾಡಿಯ ಚೌಕಟ್ಟಿಗೆ ತೂಗುವಂತೆ ಸೇರಿಸುವ ಕೊಂಡಿ) ನಡುವೆ ಸಣ್ಣ ಹಾರೆಯ ತುದಿ ಕೊಟ್ಟು ಮೀಟಿ ನೋಡಬೇಕು. ರಬ್ಬರ್ ಬಿಗಿಯಾಗಿ ಬಾಗಿ ಹಿಂದಿರುಗಿದರೆ ಅದು ಸರಿಯಿದೆ. ಕಣ್ಣು ಬೋಲ್ಟಿನ ಸುತ್ತ ಟಕ್ಕೆಂದು ಸರಿದರೆ ಬುಷ್ ಮುಗಿದಿದೆ. ನಾನು ಈಚೆಗೆ ತೆಗೆದ ಒಂದು ಬುಷ್‌ನ ಗುಂಡನೆಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು, ರಬ್ಬರಿನ ಸೀಳಿನಲ್ಲಿ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು, ಬೋಲ್ಟಿನ ಮೇಲೆ ಉಗುರು ಆಡಿಸಿದರೆ ಸವೆತದ ಮೆಟ್ಟಿಲು ಸ್ಪಷ್ಟವಾಗಿ ತಾಕುತ್ತಿತ್ತು. ಇಂತಹ ಬೋಲ್ಟಿಗೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ, ಬೋಲ್ಟನ್ನೂ ಬದಲಿಸಬೇಕು. ಒಂದು ಬದಿ ಹೋಗಿದ್ದರೆ ಇನ್ನೊಂದು ಬದಿಯದನ್ನೂ ಜೊತೆಗೇ ಬದಲಿಸುವುದು ಸರಿ.

ರಬ್ಬರೋ ಪಾಲಿಯುರೆಥೇನೋ ಎಂದು ಕೇಳುವವರಿಗೆ, ತೋಟದ ದಾರಿಗೆ ನಾನು ರಬ್ಬರನ್ನೇ ಹೇಳುತ್ತೇನೆ. ಪಾಲಿಯುರೆಥೇನ್ ಗಟ್ಟಿಮುಟ್ಟು ನಿಜ, ಆದರೆ ಅದು ಲೋಹದ ಒಳಕೊಳವೆಯ ಮೇಲೆ ಜಾರುತ್ತ ಕೆಲಸ ಮಾಡುವಂಥದ್ದು. ಅದರೊಳಗೆ ಕೆಸರು ಸೇರಿದರೆ ಅದೇ ಸಾಣೆಯಾಗಿ ಲೋಹವನ್ನು ತಿನ್ನುತ್ತದೆ, ಆಗಾಗ ಸಿಲಿಕೋನ್ ಗ್ರೀಸ್ ಕೊಡದಿದ್ದರೆ ಕಿರುಗುಟ್ಟುತ್ತದೆ.

ಕೆಲಸಕ್ಕೆ ಕಾಫಿ ಒಣಗಿಸುವ ಸಿಮೆಂಟ್ ಕಣದಷ್ಟು ಅನುಕೂಲವಾದ ಜಾಗ ಬೇರೆ ಸಿಗುವುದಿಲ್ಲ. ಆದರೂ ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆಂಬುದನ್ನು ಮರೆಯದೆ, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಬೇಕು. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಗಿನ ಅರ್ಧ ಶ್ರಮ ಉಳಿಯುತ್ತದೆ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಗಾಡಿಯನ್ನು ಎತ್ತಿ, ಚಾಸಿಯ ಕೆಳಗೆ ಎರಡು ಜಾಕ್ ಸ್ಟ್ಯಾಂಡ್ ನಿಲ್ಲಿಸಿ, ಚಕ್ರ ಬಿಚ್ಚಿ, ಆಕ್ಸಲ್‌ಗೆ ಬೇರೊಂದು ಹೈಡ್ರಾಲಿಕ್ ಜಾಕ್ ಆಸರೆ ಕೊಡಬೇಕು. ಬರೀ ಜಾಕ್ ನಂಬಿ, ಅಥವಾ ಇಟ್ಟಿಗೆ ಪೇರಿಸಿ, ಗಾಡಿಯ ಕೆಳಗೆ ತೂರುವ ಧೈರ್ಯವನ್ನು ಯಾರೂ ಮಾಡಬಾರದು. ಆಕ್ಸಲ್‌ನ ಭಾರ ಬ್ರೇಕ್ ಹೋಸ್ ಮೇಲೆ ಜೋತು ಬೀಳದಂತೆಯೂ ನೋಡಿಕೊಳ್ಳಬೇಕು.

ಯು-ಬೋಲ್ಟ್ ಬಿಚ್ಚುವ ಅಗತ್ಯವಿಲ್ಲ. ಒಂದು ಸಲಕ್ಕೆ ಒಂದು ಕಮಾನಿನ ಒಂದು ತುದಿಯನ್ನಷ್ಟೇ ಬಿಚ್ಚಿದರೆ ಆಕ್ಸಲ್ ತನ್ನ ಜಾಗ ಬಿಟ್ಟು ಹೆಚ್ಚು ಸರಿಯುವುದಿಲ್ಲ. ಮೊದಲು ಶ್ಯಾಕಲ್ ತುದಿ. ಆಕ್ಸಲ್ ಕೆಳಗಿನ ಜಾಕನ್ನು ತುಸುತುಸುವೇ ಏರಿಸಿ ಇಳಿಸುತ್ತ ಹೋದರೆ, ನಟ್ ತೆಗೆದ ಬೋಲ್ಟ್ ಒಂದು ಹಂತದಲ್ಲಿ ಕೈಯಲ್ಲೇ ತಿರುಗತೊಡಗುತ್ತದೆ. ಕಮಾನಿನ ಒತ್ತಡ ಹೋಗಿದೆ ಎಂಬುದಕ್ಕೆ ಅದೇ ಗುರುತು, ಹೊರಗೆಳೆಯಬೇಕಾದದ್ದೂ ಆಗಲೇ. ಎರಡು ಹೋಳಿನ ರಬ್ಬರ್ ಬುಷ್ ಆದರೆ ಸ್ಕ್ರೂ ಡ್ರೈವರ್ ಮೀಟಿದರೆ ಬರುತ್ತದೆ. ಹೊರಗೆ ಉಕ್ಕಿನ ಕವಚವಿರುವ ಬುಷ್ ಆದರೆ ಮೊದಲು ರಬ್ಬರನ್ನು ಡ್ರಿಲ್‌ನಿಂದ ಕೊರೆದು ತೆಗೆದು, ಹ್ಯಾಕ್ಸಾ ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ ಕವಚವನ್ನು ಉದ್ದಕ್ಕೆ ಸೀಳಿ, ಉಳಿಯಿಂದ ಒಳಕ್ಕೆ ಮಡಿಸಿ ಹೊಡೆಯಬೇಕು. ಬ್ಲೇಡು ಕಣ್ಣಿಗೆ ಗೀರು ಹಾಕಬಾರದು. ಆ ಗೀರಿನಿಂದಲೇ ಮುಂದೆ ಕಮಾನಿನ ಪಟ್ಟಿ ಬಿರುಕು ಬಿಡಬಹುದು. ಗ್ಯಾಸ್ ಬೆಂಕಿಯಲ್ಲಿ ರಬ್ಬರ್ ಸುಡುವ ರೂಢಿ ಅನೇಕ ಕಡೆ ಇದೆ. ಅದರ ಹೊಗೆ ವಿಷ, ಕಾದ ಕಮಾನಿನ ಉಕ್ಕು ತನ್ನ ಹದವನ್ನೂ ಕಳೆದುಕೊಳ್ಳುತ್ತದೆ.

ಕಣ್ಣಿನ ಒಳಭಾಗವನ್ನು ಎಮೆರಿ ಕಾಗದದಿಂದ ಲೋಹ ಹೊಳೆಯುವಷ್ಟು ಉಜ್ಜಿದ ಬಳಿಕ, ಹೊಸ ಬುಷ್‌ಗೆ ಸೋಪಿನ ನೀರು ಸವರಬೇಕು. ಎಂಜಿನ್ ಎಣ್ಣೆ, ಸಾಮಾನ್ಯ ಗ್ರೀಸ್ ಬೇಡ. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಸುತ್ತಿಗೆಯ ಬದಲು, ಮರೆ (ಥ್ರೆಡ್) ಇರುವ ಉದ್ದನೆಯ ಕಂಬಿಯೊಂದನ್ನು ಬುಷ್ ಮತ್ತು ಕಣ್ಣಿನ ಮೂಲಕ ಹಾಯಿಸಿ, ಒಂದು ಕಡೆ ಬುಷ್‌ನ ಅಂಚಿಗೆ ಕೂರುವ ದಪ್ಪ ವಾಷರ್, ಇನ್ನೊಂದು ಕಡೆ ಕಣ್ಣಿನ ರಂಧ್ರಕ್ಕಿಂತ ದೊಡ್ಡ ಬಾಯಿಯ ಸಾಕೆಟ್ ಇಟ್ಟು, ನಟ್ ತಿರುಗಿಸುತ್ತ ಬಂದರೆ ಬುಷ್ ನೆಟ್ಟಗೆ ಒಳಸೇರುತ್ತದೆ. ಮೊದಲ ಎರಡು ಸುತ್ತಿನಲ್ಲೇ ಅದು ಓರೆಯಾದರೆ ಹೊರತೆಗೆದು ಮತ್ತೆ ಆರಂಭಿಸಬೇಕು.

ಚಾಸಿಗೆ ನೇರವಾಗಿ ಸೇರುವ ಇನ್ನೊಂದು ತುದಿಯಲ್ಲಿ ರಂಧ್ರಗಳು ಒಂದಕ್ಕೊಂದು ಕೂಡದೆ ಕಾಡುವುದುಂಟು. ಜಾಕನ್ನು ಕೂದಲೆಳೆಯಷ್ಟು ಏರಿಳಿಸಿ, ಅಗತ್ಯಬಿದ್ದರೆ ಆಕ್ಸಲ್‌ಗೆ ಬೆಲ್ಟಿನಂಥ ಪಟ್ಟಿ ಬಿಗಿದು ಎಳೆದು ಕೂಡಿಸಬೇಕು. ಕೂಡಿತೇ ಎಂದು ರಂಧ್ರಕ್ಕೆ ಬೆರಳು ಹಾಕಿ ನೋಡಬಾರದು, ಕಮಾನು ಜಾರಿದರೆ ಬೆರಳು ಉಳಿಯದು.

ಇಡೀ ಕೆಲಸದಲ್ಲಿ ಅತಿ ಮುಖ್ಯವಾದುದು ಕೊನೆಯ ಬಿಗಿತ. ಒಮ್ಮೆ ಒಂದು ವರ್ಕ್‌ಶಾಪಿನಲ್ಲಿ ನನ್ನ ಜೀಪಿಗೆ ಹಾಕಿಸಿದ ಬುಷ್‌ಗಳು ಒಂದೇ ಮಳೆಗಾಲದಲ್ಲಿ ಹರಿದಾಗ, ರಬ್ಬರ್ ಕಳಪೆಯೆಂದೇ ತಿಳಿದಿದ್ದೆ. ಕಾರಣ ಬೇರೆಯಿತ್ತು: ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿದಿದ್ದರು. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಬಿಗಿದ ಸ್ಥಿತಿಯೇ ಅದಕ್ಕೆ ವಿಶ್ರಾಂತಿಯ ಸ್ಥಿತಿ. ಜೋತಾಡುವಾಗ ಬಿಗಿದರೆ ಗಾಡಿ ಸುಮ್ಮನೆ ನಿಂತಿರುವಾಗಲೂ ರಬ್ಬರ್ ತಿರುಚಿಕೊಂಡೇ ಇದ್ದು, ಪ್ರತಿ ಹಳ್ಳಕ್ಕೂ ಇನ್ನಷ್ಟು ತಿರುಚಿ ಬೇಗನೆ ಹರಿಯುತ್ತದೆ. ಆದ್ದರಿಂದ ನಟ್‌ಗಳನ್ನು ಕೈಬಿಗಿತದಲ್ಲೇ ಬಿಟ್ಟು, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಬಂಪರ್ ಒತ್ತಿ ನಾಲ್ಕಾರು ಸಲ ಕುಲುಕಿ, ಕಮಾನು ತನ್ನ ಸಹಜ ಎತ್ತರಕ್ಕೆ ಬಂದ ಮೇಲೆಯೇ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಆಯಾ ವಾಹನದ ಕೈಪಿಡಿ ಹೇಳುವಷ್ಟು ಬಿಗಿಯಬೇಕು. ನೈಲಾನ್ ಉಂಗುರವಿರುವ ನಟ್‌ಗಳಾದರೆ ಹೊಸವನ್ನೇ ಬಳಸಬೇಕು.

ಮೊದಲ ಓಟಕ್ಕೆ ಮುಳ್ಳಯ್ಯನಗಿರಿಯ ತಿರುವುಗಳಿಗೋ ಬಿಸಿಲೆ ಘಾಟಿಗೋ ಹೊರಡದೆ, ತೋಟದ ಗೇಟಿನಿಂದ ಊರಿನವರೆಗೆ ನಿಧಾನವಾಗಿ ಹೋಗಿ, ಬ್ರೇಕ್ ಹಾಕಿದಾಗ ಗಾಡಿ ನೇರ ನಿಲ್ಲುತ್ತದೆಯೇ ಎಂದು ಗಮನಿಸಬೇಕು. ಸುಮಾರು 200 ಕಿಲೋಮೀಟರ್ ಓಡಿದ ಮೇಲೆ, ಚಕ್ರ ನೆಲದಲ್ಲಿರುವಂತೆಯೇ, ಎಲ್ಲ ನಟ್‌ಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.