ಲೋಟದ ಬಾಯಿ ಸೊಟ್ಟ ಬರ್ತಿದೆಯಾ? ಹೀಗೆ ಮಾಡಿ ನೋಡಿ

ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಚಿತ್ರ ಬರೆಯಲು ಕೂರುವವರಿಗೆ ಒಂದು ಮಾತು. ಮರದ ಕೊಂಬೆ ಸ್ವಲ್ಪ ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ. ಲೋಟ, ಮಡಕೆ ವಾಲಿದರೆ ತಕ್ಷಣ ಎದ್ದು ಕಾಣುತ್ತದೆ, ಅಲ್ವಾ?

ಮನೆಯಲ್ಲಿರುವ ಸ್ಟೀಲ್ ಲೋಟ ತಗೊಳ್ಳಿ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಬಾಯಿ ಬರೀ ಒಂದು ಗೆರೆ. ನಿಧಾನವಾಗಿ ಕೆಳಗಿಳಿಸಿ, ಬಾಯಿ ತೆರೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಮೇಜಿನ ಮೇಲಿಟ್ಟ ಲೋಟದ ತಳ ಬಾಯಿಗಿಂತ ತುಸು ಜಾಸ್ತಿ ಬಾಗಿರಬೇಕು. ಲೋಟ ನೆಟ್ಟಗೆ ಕೂತಿದೆ ಅಂತ ನಮಗೆ ಗೊತ್ತಲ್ಲ, ಹಾಗಾಗಿ ತಳವನ್ನು ಸುಮ್ನೆ ನೇರವಾಗಿ ಎಳೆದುಬಿಡುತ್ತೇವೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಬಾಯಿಯ ಎರಡು ತುದಿಗಳೂ ದುಂಡಗಿರಲಿ, ಮಾವಿನೆಲೆಯ ಹಾಗೆ ಚೂಪಾಗಬಾರದು.

ಮೊದಲು ಲೋಟದ ನಡುವೆ ಮೇಲಿಂದ ಕೆಳಕ್ಕೆ ತೆಳುವಾಗಿ ಒಂದು ಗೆರೆ ಹಾಕಿಕೊಳ್ಳಿ. ಬಾಯಿ ಬರೆಯುವಾಗ ಮಣಿಕಟ್ಟು ತಿರುಗಿಸಬೇಡಿ, ಭುಜದಿಂದ ಕೈ ಆಡಿಸಿ. ಪೆನ್ಸಿಲ್ ತಾಗಿಸದೆ ಎರಡು ಮೂರು ಸುತ್ತು ತಿರುಗಿಸಿ, ಅದೇ ಓಟದಲ್ಲಿ ಹಗುರವಾಗಿ ಹಾಳೆಗೆ ಇಳಿಸಿ. ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿ. ಸೊಟ್ಟ ಎಲ್ಲಿದೆ ಅಂತ ತಾನಾಗಿ ಕಾಣುತ್ತದೆ.

ಲೋಟ ಕೈಗೆ ಹತ್ತಿದ ಮೇಲೆ ಒಂದು ಬೆಳಿಗ್ಗೆ ಬೆಂಗಳೂರಿನಲ್ಲೇ ಇರುವ ಕುಂಬಾರರ ಬಡಾವಣೆ ಪಾಟರಿ ಟೌನಿಗೆ ಹೋಗಿ. ಅಲ್ಲಿ ಮಡಕೆಗಳು ಬೇಕಾದಷ್ಟು.